ಸೂರ್ಯನಿಂದ ಕಣ್ಣು ತೆಗೆಯದಂತೆ: ಸೌರ ದೂರದರ್ಶಕ ಜಾಲವನ್ನು ನಡೆಸುವ ಮತ್ತು ಕಾಪಾಡುವ ಕ್ರಮ

ಉದಯಪುರದಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಅಟ್ಲಾಂಟಿಕ್ ಸಾಗರದ ಟೆನೆರೀಫ್ ದ್ವೀಪದಲ್ಲಿ ನಡುಮಧ್ಯಾಹ್ನವಾಗಿರುತ್ತದೆ. ಅಲ್ಲಿ ಹೊತ್ತು ಇಳಿಯುವಷ್ಟರಲ್ಲಿ ಚಿಲಿಯ ಸೆರ್ರೊ ಟೊಲೋಲೊ ಬೆಟ್ಟದ ಮೇಲೆ ಸೂರ್ಯ ನೆತ್ತಿ ದಾಟಿರುತ್ತಾನೆ, ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಸರೋವರದ ಮೇಲೆ ಏರುತ್ತಿರುತ್ತಾನೆ. ಹವಾಯಿಯ ಮೌನಾ ಲೋವಾದಲ್ಲಿ ಮಧ್ಯಾಹ್ನವಾದಾಗ ಪಶ್ಚಿಮ ಆಸ್ಟ್ರೇಲಿಯಾದ ಲಿಯರ್‌ಮಂತ್‌ನಲ್ಲಿ ಬೆಳಗಾಗುತ್ತದೆ. ಅದಾದ ಎರಡು ಮೂರು ಗಂಟೆಗೆ ಮತ್ತೆ ಉದಯಪುರದ ಸರದಿ. ಈ ಆರು ಸ್ಥಳಗಳಲ್ಲಿ ಒಂದೇ ಬಗೆಯ ಆರು ಉಪಕರಣಗಳನ್ನು ಇರಿಸಿ 1995ರಿಂದ ಸೂರ್ಯನನ್ನು ನಿಮಿಷಕ್ಕೊಮ್ಮೆ ಚಿತ್ರಿಸುತ್ತಿರುವ ವ್ಯವಸ್ಥೆಯ ಹೆಸರು ಗಾಂಗ್. ಅಮೆರಿಕದ ರಾಷ್ಟ್ರೀಯ ಸೌರ ವೀಕ್ಷಣಾಲಯ ಇದನ್ನು ನಡೆಸುತ್ತದೆ, ಉದಯಪುರದ ಕೇಂದ್ರವನ್ನು ಅಲ್ಲಿನ ಸೌರ ವೀಕ್ಷಣಾಲಯ ನೋಡಿಕೊಳ್ಳುತ್ತದೆ.

ಇಂಥ ಜಾಲದ ಒಂದು ಕೇಂದ್ರಕ್ಕೆ ಹೊಸದಾಗಿ ಕೆಲಸಕ್ಕೆ ಸೇರುವ ತಂತ್ರಜ್ಞರಿಗೆ, ಮತ್ತು ಎರಡು ಮೂರು ಊರುಗಳ ಕಾಲೇಜುಗಳನ್ನು ಕೂಡಿಸಿಕೊಂಡು ಚಿಕ್ಕ ಜಾಲವೊಂದನ್ನು ಕಟ್ಟಬೇಕೆಂದಿರುವ ಅಧ್ಯಾಪಕರಿಗೆ ನೆರವಾಗಲೆಂದು ಈ ಕ್ರಮವನ್ನು ಬರೆಯುತ್ತಿದ್ದೇನೆ. ಉಪಕರಣ ಕೊಳ್ಳುವುದು, ಜೋಡಿಸುವುದು ಇಲ್ಲಿ ಹೆಚ್ಚಾಗಿ ಬರುವುದಿಲ್ಲ. ಜೋಡಿಸಿದ ಮೇಲೆ ವರ್ಷಗಟ್ಟಲೆ ದಿನವೂ ಮಾಡಬೇಕಾದ ಕೆಲಸವೇ ಈ ಲೇಖನದ ವಿಷಯ, ಏಕೆಂದರೆ ಜಾಲದ ಬೆಲೆ ನಿಂತಿರುವುದು ಅದರ ಮೇಲೆ.

ಎಲ್ಲಕ್ಕಿಂತ ಮೊದಲು ಒಂದು ಎಚ್ಚರಿಕೆ. ಸೌರ ದೂರದರ್ಶಕದ ಬೆಳಕಿನ ದಾರಿಗೆ ಕಣ್ಣು, ಕೈ, ಬಟ್ಟೆ ಯಾವುದನ್ನೂ ಒಡ್ಡಬಾರದು. ಮುಂಭಾಗದ ಶೋಧಕವನ್ನು (ಬೆಳಕನ್ನು ತಡೆಯುವ ಫಿಲ್ಟರನ್ನು) ತೆಗೆಯುವ ಮುನ್ನ ಉಪಕರಣವನ್ನು ಸೂರ್ಯನಿಂದ ಪೂರ್ತಿ ತಿರುಗಿಸಿರಬೇಕು, ಗುರಿ ಹಿಡಿಯುವ ಚಿಕ್ಕ ದರ್ಶಕಕ್ಕೆ ಸದಾ ಮುಚ್ಚಳ ಹಾಕಿರಬೇಕು. ಸೂರ್ಯನನ್ನು ಹಿಂಬಾಲಿಸುವ ಯಂತ್ರ ಅರ್ಧದಲ್ಲಿ ನಿಂತುಹೋದರೆ ಒಂದೆಡೆ ಕೂಡಿದ ಕಿರಣ ಪಕ್ಕಕ್ಕೆ ಸರಿದು ಒಳಗಿನ ತಂತಿ, ಪ್ಲಾಸ್ಟಿಕ್ ಭಾಗಗಳನ್ನು ಸುಡಬಲ್ಲದು. ಆದ್ದರಿಂದ ಹಿಂಬಾಲಿಕೆ ತಪ್ಪಿದೊಡನೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ವ್ಯವಸ್ಥೆ ಇಲ್ಲದ ಉಪಕರಣವನ್ನು ಯಾರೂ ಹತ್ತಿರವಿಲ್ಲದ ಹೊತ್ತಿನಲ್ಲಿ ನಡೆಸಕೂಡದು.

ಮೊದಲ ಹೆಜ್ಜೆ: ಬಿಡುವಿನ ಲೆಕ್ಕ

ದೂರದರ್ಶಕ ಎಷ್ಟು ದೊಡ್ಡದಿರಬೇಕು ಎಂಬುದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಗಾಂಗ್ ಉಪಕರಣದ ಬೆಳಕಿನ ದ್ವಾರದ ಅಗಲ 2.8 ಸೆಂಟಿಮೀಟರ್ ಮಾತ್ರ ಎಂದು ಹೇಳಿದರೆ ಬಹಳಷ್ಟು ಜನ ನಂಬುವುದಿಲ್ಲ. ಸೂರ್ಯನ ಬೆಳಕಿಗೆ ಬರವಿಲ್ಲ. ಬರವಿರುವುದು ಎಡೆಬಿಡದ ನೋಟಕ್ಕೆ. ಸೂರ್ಯನ ಮೇಲ್ಮೈ ಸುಮಾರು ಐದು ನಿಮಿಷಕ್ಕೊಮ್ಮೆ ಏರಿಳಿಯುತ್ತದೆ ಎಂಬುದನ್ನು ರಾಬರ್ಟ್ ಲೇಟನ್ ಮತ್ತು ಜೊತೆಗಾರರು 1960ರ ದಶಕದ ಆರಂಭದಲ್ಲಿ ಕಂಡುಕೊಂಡರು. ಸೂರ್ಯನೊಳಗೆ ಸಿಕ್ಕಿಕೊಂಡ ಶಬ್ದದ ಅಲೆಗಳು ಮೇಲ್ಮೈಯನ್ನು ಹೀಗೆ ಅಲುಗಿಸುತ್ತವೆ, ಅವುಗಳ ಆವರ್ತನವನ್ನು ನಿಖರವಾಗಿ ಅಳೆದರೆ ಕಣ್ಣಿಗೆ ಕಾಣದ ಒಳಪದರಗಳ ತಾಪ, ಚಲನೆಗಳು ತಿಳಿಯುತ್ತವೆ. ಆದರೆ ಒಂದೇ ಊರಿನಿಂದ ನೋಡಿದರೆ ಪ್ರತಿ ರಾತ್ರಿ ದಾಖಲೆ ಕಡಿದುಹೋಗುತ್ತದೆ. 24 ಗಂಟೆಗೊಮ್ಮೆ ಬರುವ ಆ ಕತ್ತಲು ಪ್ರತಿಯೊಂದು ನಿಜವಾದ ಆವರ್ತನದ ಎರಡೂ ಪಕ್ಕದಲ್ಲಿ 11.57 ಮೈಕ್ರೋಹರ್ಟ್ಸ್ ದೂರಕ್ಕೆ ಸುಳ್ಳು ಶಿಖರಗಳನ್ನು ನೆಡುತ್ತದೆ, ನಿಜ ಯಾವುದು ಸುಳ್ಳು ಯಾವುದು ಎಂದು ಬಿಡಿಸುವುದೇ ಕಷ್ಟವಾಗುತ್ತದೆ. ಆರು ಕೇಂದ್ರಗಳು ಬೇಕಾದದ್ದು ಇದಕ್ಕಾಗಿ. ಆರೂ ಸರಿಯಾಗಿ ನಡೆದಾಗ ದಿನದ ಸುಮಾರು ಶೇ 90ರಷ್ಟು ಹೊತ್ತು ಎಲ್ಲಾದರೊಂದು ಕಡೆ ಸೂರ್ಯ ಕಾಣುತ್ತಾನೆ.

ನಿಮ್ಮ ಜಾಲಕ್ಕೂ ಇದೇ ಲೆಕ್ಕ ಹಾಕಿ. ದೊಡ್ಡ ಹಾಳೆಯ ಮೇಲೆ ಅಂತರರಾಷ್ಟ್ರೀಯ ವೇಳೆಯ (ಯುಟಿಸಿ) 24 ಗಂಟೆಗಳ ಪಟ್ಟಿ ಎಳೆದು, ಪ್ರತಿ ಕೇಂದ್ರಕ್ಕೂ ಸೂರ್ಯ ದಿಗಂತದಿಂದ ಹತ್ತು ಹದಿನೈದು ಡಿಗ್ರಿ ಮೇಲಿರುವ ಹೊತ್ತನ್ನು ಬಣ್ಣದಲ್ಲಿ ತುಂಬಿ. ಇದನ್ನು ಜೂನ್, ಡಿಸೆಂಬರ್ ಮತ್ತು ಮಾರ್ಚ್ ತಿಂಗಳುಗಳಿಗೆ ಬೇರೆ ಬೇರೆಯಾಗಿ ಮಾಡಬೇಕು. ಆಮೇಲೆ ಮೋಡದ ತಿಂಗಳುಗಳನ್ನು ಅಳಿಸುತ್ತ ಬನ್ನಿ. ಜುಲೈನಲ್ಲಿ ಉದಯಪುರದ ಮೇಲೆ ಮುಂಗಾರಿನ ಮೋಡ ಕವಿದಿರುತ್ತದೆ. ಆಗ ಲಿಯರ್‌ಮಂತ್‌ನಲ್ಲಿ ಚಳಿಗಾಲದ ಶುಭ್ರ ಆಕಾಶವಿದ್ದು, ಅಲ್ಲಿ ಸೂರ್ಯ ಮುಳುಗುವುದು ನಮ್ಮ ಗಡಿಯಾರದ ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ. ಟೆನೆರೀಫ್‌ನಲ್ಲಿ ಸೂರ್ಯ ಹುಟ್ಟುವುದು ನಮ್ಮ ಹನ್ನೆರಡು ಗಂಟೆಯ ಸುಮಾರಿಗೆ. ಹೀಗೆ ಪೂರ್ವದ ಕೈಯಿಂದ ಪಶ್ಚಿಮದ ಕೈಗೆ ಸೂರ್ಯ ದಾಟಿಹೋಗುತ್ತಾನೆ, ಮಳೆಗಾಲದಲ್ಲಿ ಉದಯಪುರ ಮುಚ್ಚಿದ್ದರೂ ಸರಪಳಿ ಪೂರ್ತಿ ಕಡಿಯುವುದಿಲ್ಲ. ಈ ಹಾಳೆಯಲ್ಲಿ ಒಂದೇ ಒಂದು ಕೇಂದ್ರದ ಬಣ್ಣವಿರುವ ಗಂಟೆಗಳನ್ನು ಕೆಂಪು ಶಾಯಿಯಿಂದ ಗುರುತಿಸಿ ಗೋಡೆಗೆ ಅಂಟಿಸಿ. ಆ ಗಂಟೆಗಳಲ್ಲಿ ಆ ಕೇಂದ್ರದವರು ಕನ್ನಡಿ ತೊಳೆಯುವುದಾಗಲಿ, ಸಾಫ್ಟ್‌ವೇರ್ ಬದಲಿಸುವುದಾಗಲಿ ಮಾಡಬಾರದು. ಜಾಲ ನಡೆಸುವ ಶಿಸ್ತಿನ ಅರ್ಧ ಈ ಒಂದು ಹಾಳೆಯಲ್ಲಿದೆ.

ಎರಡನೆಯ ಹೆಜ್ಜೆ: ಎಲ್ಲ ಕೇಂದ್ರಗಳೂ ಒಂದೇ ಅಚ್ಚಿನವಾಗಿರಲಿ

ಗಾಂಗ್‌ನ ಪ್ರತಿ ಉಪಕರಣವೂ ಹಡಗಿನಲ್ಲಿ ಸರಕು ಸಾಗಿಸುವಂಥ ಕಂಟೇನರಿನೊಳಗೆ ಕೂತಿದೆ. ಗುಮ್ಮಟವಿಲ್ಲ, ಹೊರಗಿರುವ ಕನ್ನಡಿಗಳ ಗೋಪುರ ಸೂರ್ಯನ ಬೆಳಕನ್ನು ಹಿಡಿದು ಒಳಗಿನ ಮೇಜಿಗೆ ಕಳಿಸುತ್ತದೆ. ಸೂರ್ಯನ ಬೆಳಕಿನ ಬಣ್ಣಪಟ್ಟಿಯಲ್ಲಿ ನಿಕ್ಕಲ್ ಪರಮಾಣು ಹೀರಿದ ಕಡೆ ಕಾಣುವ 676.8 ನ್ಯಾನೋಮೀಟರಿನ ಕಪ್ಪು ರೇಖೆಯನ್ನು ಹಿಡಿದು ಮೇಲ್ಮೈಯ ವೇಗವನ್ನೂ ಕಾಂತಕ್ಷೇತ್ರವನ್ನೂ ಆರೂ ಕಡೆ ಒಂದೇ ರೀತಿಯಲ್ಲಿ ಅಳೆಯುತ್ತಾರೆ. ಸೌರಜ್ವಾಲೆಗಳನ್ನು ನೋಡಲು ಹೈಡ್ರೋಜನ್ ಆಲ್ಫಾ ಎಂಬ ಕೆಂಪು ರೇಖೆಯಲ್ಲಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು 2010ರಲ್ಲಿ ಸೇರಿಸಿದಾಗಲೂ ಎಲ್ಲ ಕಡೆ ಒಂದೇ ಮಾದರಿಯನ್ನು ಹಾಕಿದರು. ಪ್ರಧಾನ ಕಚೇರಿಯಲ್ಲಿ ಇನ್ನೊಂದು ಜೋಡಿ ಉಪಕರಣವನ್ನು ಇಟ್ಟುಕೊಂಡು, ಯಾವ ಬದಲಾವಣೆಯನ್ನೂ ಮೊದಲು ಅದರ ಮೇಲೆ ಪರೀಕ್ಷಿಸುವುದು ಅವರ ಪದ್ಧತಿ.

ಚಿಕ್ಕ ಜಾಲಗಳು ಎಡವುವುದು ಇಲ್ಲಿಯೇ. ಒಂದು ಕಾಲೇಜಿಗೆ ಹೊಸ ಕ್ಯಾಮೆರಾ ಕೊಡುಗೆಯಾಗಿ ಬರುತ್ತದೆ, ಇನ್ನೊಂದರಲ್ಲಿ ಹಳೆಯದೇ ಉಳಿಯುತ್ತದೆ; ಎರಡು ವರ್ಷದ ಮೇಲೆ ಎರಡೂ ಕಡೆಯ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಸೂರ್ಯ ಬದಲಾಗಿದ್ದಾನೋ ಕ್ಯಾಮೆರಾ ಬದಲಾಗಿದೆಯೋ ಹೇಳಲಾಗದು. ಒಳ್ಳೆಯ ಕ್ಯಾಮೆರಾ ಒಂದೇ ಒಂದಿದ್ದರೆ ಅದನ್ನು ಬೇರೆ ಕೆಲಸಕ್ಕೆ ಬಳಸಿ, ಜಾಲದಲ್ಲಿ ಎಲ್ಲರಿಗೂ ಇರುವ ಸಾಧಾರಣ ಕ್ಯಾಮೆರಾವನ್ನೇ ಇರಿಸಿ ಎಂಬುದು ನನ್ನ ಸಲಹೆ. ತಿರುಪು, ಬೆಲ್ಟು, ಕೇಬಲಿನ ತುದಿಗಳು ಕೂಡ ಎಲ್ಲ ಕಡೆ ಒಂದೇ ಅಳತೆಯವಾಗಿದ್ದರೆ ಬಿಡಿಭಾಗಗಳ ಒಂದೇ ಪೆಟ್ಟಿಗೆಯಿಂದ ಎಲ್ಲರ ಕೆಲಸವೂ ನಡೆಯುತ್ತದೆ.

ಮೂರನೆಯ ಹೆಜ್ಜೆ: ಗಡಿಯಾರ

ಎಲ್ಲ ದಾಖಲೆಗಳನ್ನೂ ಅಂತರರಾಷ್ಟ್ರೀಯ ವೇಳೆಯಲ್ಲಿಯೇ ಬರೆಯಬೇಕು, ಊರಿನ ವೇಳೆಯನ್ನು ಎಲ್ಲಿಯೂ ಬೆರೆಸಬಾರದು. ಭಾರತದ ಕೇಂದ್ರದಲ್ಲಿ ಐದೂವರೆ ಗಂಟೆ ಕಳೆದರೆ ಆಯಿತು, ಹಗಲೆಲ್ಲ ಒಂದೇ ತಾರೀಖಿನೊಳಗೆ ಬರುತ್ತದೆ. ಹವಾಯಿಯಲ್ಲಿ ಹಾಗಲ್ಲ: ಅಲ್ಲಿ ಬೆಳಿಗ್ಗೆ ಆರು ಗಂಟೆ ಎಂದರೆ ಅಂತರರಾಷ್ಟ್ರೀಯ ವೇಳೆಯಲ್ಲಿ 16 ಗಂಟೆ, ಸಂಜೆ ಆರು ಎಂದರೆ ಮರುದಿನದ 4 ಗಂಟೆ, ಆದ್ದರಿಂದ ಒಂದೇ ಹಗಲು ಎರಡು ತಾರೀಖುಗಳಿಗೆ ಹಂಚಿಹೋಗುತ್ತದೆ. ಕಡತಗಳಿಗೆ ಹೆಸರಿಡುವ ಕ್ರಮವನ್ನು ಮೊದಲ ದಿನವೇ ಈ ಬಗೆಯ ಕೇಂದ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನಿಶ್ಚಯಿಸಿರಿ.

ವೇಳೆಯನ್ನು ಜಿಪಿಎಸ್‌ನಿಂದ ಪಡೆಯುವುದು ಇಂದು ಸುಲಭ. ಆದರೂ ಅದನ್ನು ಕಾಯಬೇಕು. ನಾನು ಕೆಲಸ ಕಲಿತ ಒಂದು ಕೇಂದ್ರದಲ್ಲಿ ಆಂಟೆನಾದ ಕೇಬಲನ್ನು ಇಲಿ ಕಡಿದಿತ್ತು. ಪರದೆಯ ಮೇಲೆ ಕೊನೆಯ ಬಾರಿ ವೇಳೆ ಸಿಕ್ಕಿದ್ದ ಹಸಿರು ಗುರುತು ಹಾಗೆಯೇ ನಿಂತಿತ್ತು, ಕಂಪ್ಯೂಟರ್ ತನ್ನ ಸ್ವಂತ ಗಡಿಯಾರದಿಂದ ದಿನಕ್ಕೆ ಎರಡು ಸೆಕೆಂಡಿನಂತೆ ಹಿಂದೆ ಬೀಳುತ್ತಿತ್ತು. ಮೂರು ವಾರದ ಮೇಲೆ ಪಕ್ಕದ ಕೇಂದ್ರದ ಚಿತ್ರಗಳೊಡನೆ ಹೋಲಿಸುವಾಗ ನಲವತ್ತು ಸೆಕೆಂಡಿನ ವ್ಯತ್ಯಾಸ ಕಂಡಿತು. ಐದು ನಿಮಿಷದ ಅಲೆಗೆ ನಲವತ್ತು ಸೆಕೆಂಡು ಎಂದರೆ ಏಳನೆಯ ಒಂದು ಪಾಲಿಗಿಂತ ತುಸು ಕಡಿಮೆ. ಅಷ್ಟು ತಪ್ಪಿದರೆ ಎರಡು ಕೇಂದ್ರಗಳ ದಾಖಲೆ ಕೂಡುವುದೇ ಇಲ್ಲ. ಮೂರು ವಾರದ ಕೆಲಸವನ್ನು ದಿನದಿನದ ಲೆಕ್ಕ ಹಾಕಿ ತಿದ್ದಬೇಕಾಯಿತು, ತಿದ್ದಲಾಗದ ಭಾಗವನ್ನು ಬಿಡಬೇಕಾಯಿತು. ಅಂದಿನಿಂದ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ: ಜಿಪಿಎಸ್ ವೇಳೆ ಹತ್ತು ನಿಮಿಷ ಸಿಗದಿದ್ದರೆ ಎಚ್ಚರಿಕೆಯ ಸಂದೇಶ ಹೊರಡಬೇಕು, ಮತ್ತು ಪ್ರತಿ ಬೆಳಿಗ್ಗೆ ಒಬ್ಬರು ಬೇರೊಂದು ಗಡಿಯಾರದೊಡನೆ ತಾಳೆ ನೋಡಿ ಪುಸ್ತಕದಲ್ಲಿ ಬರೆಯಬೇಕು.

ಯಾವ ಸೆಕೆಂಡಿನಲ್ಲಿ ಚಿತ್ರ ತೆಗೆಯಬೇಕು ಎಂಬುದು ಉದ್ದೇಶದ ಮೇಲೆ ನಿಲ್ಲುತ್ತದೆ. ಅಲೆಗಳನ್ನು ಅಳೆಯುವಾಗ ಎಲ್ಲ ಕೇಂದ್ರಗಳೂ ನಿಮಿಷದ ಒಂದೇ ಸೆಕೆಂಡಿಗೆ ಚಿತ್ರ ತೆಗೆದರೆ ಒಂದನ್ನೊಂದು ನೇರವಾಗಿ ಹೋಲಿಸಬಹುದು. ಜ್ವಾಲೆಗಳನ್ನು ಕಾಯುವಾಗ ಇದಕ್ಕೆ ವಿರುದ್ಧವಾದ ಉಪಾಯ ಒಳ್ಳೆಯದು. ಗಾಂಗ್‌ನ ಹೈಡ್ರೋಜನ್ ಆಲ್ಫಾ ಕ್ಯಾಮೆರಾಗಳು ಪ್ರತಿಯೊಂದೂ ನಿಮಿಷಕ್ಕೊಂದು ಚಿತ್ರ ತೆಗೆದರೂ ಅಕ್ಕಪಕ್ಕದ ಕೇಂದ್ರಗಳ ನಡುವೆ 20 ಸೆಕೆಂಡಿನ ಅಂತರ ಇಟ್ಟಿರುವುದರಿಂದ, ಸೂರ್ಯ ಹಲವರಿಗೆ ಒಟ್ಟಿಗೆ ಕಾಣುವಾಗ ಜ್ವಾಲೆಯ ಏರಿಳಿತ ಇನ್ನಷ್ಟು ಬಿಡಿಬಿಡಿಯಾಗಿ ಸಿಗುತ್ತದೆ.

ನಾಲ್ಕನೆಯ ಹೆಜ್ಜೆ: ಬೆಳಗಿನ ಸುತ್ತು

ಸೂರ್ಯ ಮೇಲೇರುವ ಮುನ್ನ ಅರ್ಧ ಗಂಟೆ ಇರುವಂತೆ ಕೇಂದ್ರಕ್ಕೆ ಬನ್ನಿ. ಹೊರಗಿನ ಗೋಪುರದ ಸುತ್ತ ನಡೆದು ಹಕ್ಕಿಯ ಗೂಡು, ಜೇಡರ ಬಲೆ, ಕಣಜದ ಮಣ್ಣಿನ ಮನೆ ಇದೆಯೇ ನೋಡಿ. ತಿರುಗುವ ಭಾಗದಲ್ಲಿ ಒಂದು ರಾತ್ರಿಯಲ್ಲಿ ಕಟ್ಟಿದ ಬಲೆ ಸಾಕು, ಮಿತಿ ತೋರುವ ಸ್ವಿಚ್ ತಪ್ಪು ಸುದ್ದಿ ಕೊಡಲು. ಗಾಜಿನ ಕಿಟಕಿಯ ಮೇಲೆ ಇಬ್ಬನಿ ಇದ್ದರೆ ಒರೆಸಬೇಡಿ, ಬಿಸಿಗಾಳಿ ಹಾಯಿಸಿ ಒಣಗಲು ಬಿಡಿ. ಆಮೇಲೆ ಬಾಗಿಲು ಮುಚ್ಚಿಟ್ಟು ಕತ್ತಲ ಚಿತ್ರಗಳನ್ನು, ಅಂದರೆ ಬೆಳಕಿಲ್ಲದಾಗಲೂ ಕ್ಯಾಮೆರಾ ತೋರಿಸುವ ಹುಸಿ ಬೆಳಕನ್ನು ಲೆಕ್ಕದಿಂದ ಕಳೆಯಲು ಬೇಕಾದ ಚಿತ್ರಗಳನ್ನು, ತೆಗೆಯಿರಿ. ಸೂರ್ಯ ಹತ್ತು ಹದಿನೈದು ಡಿಗ್ರಿ ಏರಿದ ಮೇಲೆ ಹಿಂಬಾಲಿಕೆ ಆರಂಭಿಸಿ, ಬಿಂಬ ನಡುವಿಗೆ ಬಂದು ನಿಂತಿದೆಯೇ ಎಂದು ಐದು ನಿಮಿಷ ಕಣ್ಣಿಟ್ಟು ನೋಡಿ.

ಕ್ಯಾಮೆರಾದ ಪ್ರತಿ ಪಿಕ್ಸೆಲಿನ ಸೂಕ್ಷ್ಮತೆಯ ವ್ಯತ್ಯಾಸವನ್ನು ಅಳೆಯುವುದು ಸೂರ್ಯನ ವಿಷಯದಲ್ಲಿ ಸ್ವಲ್ಪ ತೊಡಕಿನದು, ಏಕೆಂದರೆ ಸೂರ್ಯನಷ್ಟು ಬೆಳಕುಳ್ಳ, ಎಲ್ಲೆಡೆ ಸಮನಾದ ಬೇರೆ ಬಿಂಬ ಸಿಗುವುದಿಲ್ಲ. ಹೀಗಾಗಿ ಸೂರ್ಯಬಿಂಬವನ್ನೇ ಸ್ವಲ್ಪ ಸ್ವಲ್ಪ ಬೇರೆ ಬೇರೆ ಕಡೆಗೆ ಸರಿಸಿ ಹತ್ತಾರು ಚಿತ್ರ ತೆಗೆಯುತ್ತಾರೆ. ಸರಿಸಿದಾಗ ಜೊತೆಗೆ ಸರಿದದ್ದು ಸೂರ್ಯನದು, ಇದ್ದಲ್ಲಿಯೇ ಇದ್ದದ್ದು ಕ್ಯಾಮೆರಾದ್ದು ಎಂದು ಲೆಕ್ಕದಿಂದ ಬೇರ್ಪಡಿಸಬಹುದು. ವಾರಕ್ಕೊಮ್ಮೆ ಮಾಡಿದರೆ ಸಾಲುತ್ತದೆ, ಕ್ಯಾಮೆರಾವನ್ನು ಕಳಚಿ ಜೋಡಿಸಿದ ದಿನ ಮಾತ್ರ ಬಿಡುವಂತಿಲ್ಲ.

ಐದನೆಯ ಹೆಜ್ಜೆ: ಮಧ್ಯಾಹ್ನದ ಓಟ

ನನಗೆ ಎಲ್ಲಕ್ಕಿಂತ ಪ್ರಿಯವಾದ ಪರೀಕ್ಷೆ ಇದು. ಯಾವ ದುಬಾರಿ ಸಲಕರಣೆಯೂ ಬೇಡ, ಭೂಮಿಯ ತಿರುಗುವಿಕೆಯೇ ಅಳತೆಗೋಲು. ಎರಡು ಕೇಂದ್ರಗಳ ಚಿತ್ರಗಳನ್ನು ಹೊಲಿಯಬೇಕಾದರೆ ಎರಡರಲ್ಲೂ ಸೂರ್ಯನ ಉತ್ತರ ಯಾವ ಕಡೆಗಿದೆ ಎಂಬುದು ನಿಖರವಾಗಿ ತಿಳಿದಿರಬೇಕು. ಬಿಂಬದ ಅಗಲ 800 ಪಿಕ್ಸೆಲ್ ಇರುವ ಚಿತ್ರದಲ್ಲಿ ಡಿಗ್ರಿಯ ಹತ್ತನೆಯ ಒಂದು ಭಾಗ ತಪ್ಪಿದರೂ ಅಂಚಿನಲ್ಲಿ ಮುಕ್ಕಾಲು ಪಿಕ್ಸೆಲಿನಷ್ಟು ಸರಿದುಹೋಗುತ್ತದೆ.

ಸ್ಥಳೀಯ ನಡುಹಗಲಿಗೆ ಹತ್ತು ನಿಮಿಷ ಮೊದಲು ಬಿಂಬವನ್ನು ಚೌಕಟ್ಟಿನ ಪೂರ್ವದ ಅಂಚಿನಿಂದಾಚೆ ಸರಿಸಿ ಹಿಂಬಾಲಿಕೆಯನ್ನು ನಿಲ್ಲಿಸಿ. ಇನ್ನು ಉಪಕರಣ ಅಲುಗುವುದಿಲ್ಲ. ಸೂರ್ಯನೇ ಚೌಕಟ್ಟಿನೊಳಗೆ ನಡೆದು ಬರುತ್ತಾನೆ, ಆಚೆ ಬದಿಯಿಂದ ಹೊರಟುಹೋಗುತ್ತಾನೆ. ಆಕಾಶದಲ್ಲಿ ಅವನ ಓಟ ಸೆಕೆಂಡಿಗೆ 15 ವಿಕಲೆ, ಬಿಂಬದ ಅಗಲ ಸುಮಾರು 32 ಕಲೆ (ಡಿಗ್ರಿಯ ಅರವತ್ತನೆಯ ಒಂದು ಪಾಲು ಕಲೆ, ಕಲೆಯ ಅರವತ್ತನೆಯ ಒಂದು ಪಾಲು ವಿಕಲೆ), ಆದ್ದರಿಂದ ತನ್ನದೇ ಅಗಲವನ್ನು ದಾಟಲು ಅವನಿಗೆ ಎರಡು ನಿಮಿಷ ಎಂಟು ಸೆಕೆಂಡು ಬೇಕು. ಸೂರ್ಯ ಆಕಾಶದ ವಿಷುವದ್ವೃತ್ತದಿಂದ ದೂರವಿರುವ ಜೂನ್, ಡಿಸೆಂಬರಿನಲ್ಲಿ ಇನ್ನೂ ಹತ್ತು ಸೆಕೆಂಡಿನಷ್ಟು ಹೆಚ್ಚು ಹಿಡಿಯುತ್ತದೆ. ಈ ಅವಧಿಯಲ್ಲಿ ಎರಡು ಮೂರು ಸೆಕೆಂಡಿಗೊಂದು ಚಿತ್ರ ತೆಗೆಯಿರಿ. ಪ್ರತಿ ಚಿತ್ರದಲ್ಲೂ ಬಿಂಬದ ಅಂಚಿಗೆ ವೃತ್ತವನ್ನು ಹೊಂದಿಸಿ ಕೇಂದ್ರಬಿಂದುವನ್ನು ಕಂಡುಹಿಡಿದು, ಎಲ್ಲ ಕೇಂದ್ರಬಿಂದುಗಳ ಮೂಲಕ ಒಂದು ನೇರಗೆರೆ ಎಳೆಯಿರಿ. ಆ ಗೆರೆಯೇ ಆಕಾಶದ ಪೂರ್ವ ಪಶ್ಚಿಮ. ಕ್ಯಾಮೆರಾದ ಅಡ್ಡಸಾಲಿಗೂ ಈ ಗೆರೆಗೂ ನಡುವೆ ಇರುವ ಕೋನವನ್ನು ಬರೆದುಕೊಳ್ಳಿ.

ಇಲ್ಲಿಗೆ ಮುಗಿಯಲಿಲ್ಲ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಸೂರ್ಯ ಗಂಟೆಗೆ ಸುಮಾರು ಒಂದು ಕಲೆಯಷ್ಟು ಉತ್ತರಕ್ಕೋ ದಕ್ಷಿಣಕ್ಕೋ ಜಾರುತ್ತಿರುತ್ತಾನೆ, ಅದರಿಂದ ಗೆರೆ ಡಿಗ್ರಿಯ ನೂರನೆಯ ಆರು ಪಾಲಿನಷ್ಟು ವಾಲುತ್ತದೆ, ಅದನ್ನು ಕಳೆಯಬೇಕು. ಜೊತೆಗೆ ಸೂರ್ಯನ ಅಕ್ಷ ನಮಗೆ ಕಾಣುವಂತೆ ವರ್ಷದುದ್ದಕ್ಕೂ ಆಕಾಶದ ಉತ್ತರದಿಂದ ಎರಡೂ ಬದಿಗೆ 26 ಡಿಗ್ರಿಗಿಂತ ತುಸು ಹೆಚ್ಚಿನವರೆಗೆ ವಾಲುತ್ತದೆ, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ವಾಲಿಕೆ ಅತಿ ಹೆಚ್ಚು. ಆ ದಿನದ ಕೋನವನ್ನು ಪಂಚಾಂಗದ ಕೋಷ್ಟಕದಿಂದ ತೆಗೆದುಕೊಂಡು ಕೂಡಿಸಿದ ಮೇಲೆ ಸೂರ್ಯನ ನಿಜವಾದ ಉತ್ತರ ದೊರೆಯುತ್ತದೆ. ಈ ಪರೀಕ್ಷೆಯನ್ನು ಬೆಳಿಗ್ಗೆ ಅಥವಾ ಸಂಜೆ ಮಾಡಬಾರದು, ಸೂರ್ಯ ಕೆಳಗಿದ್ದಾಗ ಗಾಳಿಯ ಪದರಗಳು ಬೆಳಕನ್ನು ಬಾಗಿಸಿ ಬಿಂಬವನ್ನು ಚಪ್ಪಟೆ ಮಾಡುತ್ತವೆ, ಓಟದ ಗೆರೆಯನ್ನೂ ಬಾಗಿಸುತ್ತವೆ.

ಇದೇ ಚಿತ್ರಗಳಿಂದ ಇನ್ನೊಂದು ಲಾಭವಿದೆ. ಬಿಂಬದ ಅಗಲ ಜನವರಿ ಮೊದಲ ವಾರದಲ್ಲಿ ಸುಮಾರು 32.5 ಕಲೆ, ಜುಲೈ ಮೊದಲ ವಾರದಲ್ಲಿ 31.5 ಕಲೆ. ನಿಮ್ಮ ಚಿತ್ರದಲ್ಲಿ ಪಿಕ್ಸೆಲಿನ ಲೆಕ್ಕದ ಅಗಲ ಈ ನಡೆಯನ್ನು ಅನುಸರಿಸದೆ ಒಮ್ಮೆಲೇ ಹಾರಿದ್ದರೆ ಯಾವುದೋ ಮಸೂರ ಸರಿದಿದೆ, ಅಥವಾ ಫೋಕಸ್ ತಪ್ಪಿದೆ ಎಂದರ್ಥ. ಹೊತ್ತು ಒಪ್ಪುವ ಎರಡು ಕೇಂದ್ರಗಳು ಒಂದೇ ನಿಮಿಷದಲ್ಲಿ ತೆಗೆದ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ಕೋನವನ್ನು ಮತ್ತೆ ತಾಳೆ ನೋಡುವುದು ಜಾಲಕ್ಕೆ ಮಾತ್ರ ಸಾಧ್ಯವಾಗುವ ಸೌಕರ್ಯ. ಅದನ್ನು ವಾರಕ್ಕೊಮ್ಮೆಯಾದರೂ ಬಳಸಿಕೊಳ್ಳಿ.

ಆರನೆಯ ಹೆಜ್ಜೆ: ಕನ್ನಡಿ

ಹೊರಗಿನ ಕನ್ನಡಿಗೆ ಶತ್ರುಗಳು ಊರಿಂದೂರಿಗೆ ಬೇರೆ. ರಾಜಸ್ಥಾನದಲ್ಲಿ ಬೇಸಿಗೆಯ ಧೂಳುಗಾಳಿ, ಟೆನೆರೀಫ್‌ನಲ್ಲಿ ಸಹಾರಾ ಮರುಭೂಮಿಯಿಂದ ತೇಲಿಬರುವ ನಸುಗೆಂಪು ಹುಡಿ, ಸಮುದ್ರದ ಹತ್ತಿರದಲ್ಲಿ ಉಪ್ಪು. ಕನ್ನಡಿಯ ಮೇಲಿನ ಅಲ್ಯುಮಿನಿಯಂ ಲೇಪ ಎಷ್ಟು ತೆಳುವೆಂದರೆ, ಒಣಧೂಳಿನ ಮೇಲೆ ಬಟ್ಟೆ ಎಳೆದರೆ ಮರಳುಕಾಗದದಿಂದ ಉಜ್ಜಿದಂತೆಯೇ.

ಯಾವಾಗ ತೊಳೆಯಬೇಕು ಎಂಬುದನ್ನು ಕಣ್ಣಂದಾಜಿನಿಂದ ನಿರ್ಧರಿಸಬೇಡಿ. ಪ್ರತಿದಿನ ಶುಭ್ರ ಆಕಾಶವಿದ್ದಾಗ, ಸೂರ್ಯ ಒಂದು ನಿಗದಿತ ಎತ್ತರದಲ್ಲಿರುವಾಗ, ಬಿಂಬದ ನಡುಭಾಗದ ಸರಾಸರಿ ಪ್ರಕಾಶವನ್ನು ಅಳೆದು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡಿ. ಇಡೀ ಬಿಂಬದ ಒಟ್ಟು ಬೆಳಕನ್ನು ತೆಗೆದುಕೊಂಡರೆ ದಾರಿ ತಪ್ಪುತ್ತೀರಿ, ಏಕೆಂದರೆ ಸೂರ್ಯ ಭೂಮಿಗೆ ಹತ್ತಿರವಿರುವ ಜನವರಿಯಲ್ಲಿ ಅದು ಜುಲೈಗಿಂತ ಸುಮಾರು ಶೇ 7ರಷ್ಟು ಹೆಚ್ಚಿರುತ್ತದೆ. ಬಿಂಬದ ಒಂದು ತುಣುಕಿನ ಪ್ರಕಾಶ ಮಾತ್ರ ದೂರದಿಂದ ಬದಲಾಗುವುದಿಲ್ಲ. ಆ ಚುಕ್ಕಿಗಳ ಸಾಲು ನಿಧಾನವಾಗಿ ಇಳಿಯುತ್ತ ಶೇ 10ರಷ್ಟು ಕೆಳಗೆ ಬಂದಾಗ ತೊಳೆಯುವ ದಿನ ಗೊತ್ತುಮಾಡಿ. ಒಂದೇ ದಿನದಲ್ಲಿ ಇಳಿದಿದ್ದರೆ ಅದು ಧೂಳಲ್ಲ, ಬೇರೆ ಏನೋ ಕೆಟ್ಟಿದೆ.

ತೊಳೆಯುವ ಕೆಲಸವನ್ನು ನೆರಳಿನಲ್ಲಿ, ಕನ್ನಡಿ ತಣ್ಣಗಿರುವಾಗ, ಇಬ್ಬರು ಸೇರಿ ಮಾಡಬೇಕು. ಮೊದಲು ರಬ್ಬರ್ ಉಂಡೆಯಿಂದ ಗಾಳಿ ಊದಿ ಬಿಡಿಧೂಳನ್ನು ಹಾರಿಸಿ. ಬಾಯಿಂದ ಊದಿದರೆ ಉಗುಳಿನ ಹನಿ ಬೀಳುತ್ತದೆ. ಕನ್ನಡಿಯನ್ನು ಓರೆಯಾಗಿ ನಿಲ್ಲಿಸಿ ಮೇಲಿನಿಂದ ಬಟ್ಟಿ ಇಳಿಸಿದ ನೀರನ್ನು ಸಾಕಷ್ಟು ಹರಿಸಿ. ಇನ್ನೊಂದು ಪಾತ್ರೆಯ ನೀರಿಗೆ ಬಣ್ಣ ಪರಿಮಳಗಳಿಲ್ಲದ ಮಾರ್ಜಕವನ್ನು ಎರಡು ಹನಿ ಬೆರೆಸಿ, ಆಸ್ಪತ್ರೆಯಲ್ಲಿ ಬಳಸುವ ಹತ್ತಿಯ ಉಂಡೆಯನ್ನು ಅದರಲ್ಲಿ ಅದ್ದಿ, ಹತ್ತಿಯ ಸ್ವಂತ ಭಾರವಷ್ಟೇ ಕನ್ನಡಿಯ ಮೇಲೆ ಬೀಳುವಂತೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಒಮ್ಮೆ ಎಳೆದ ಹತ್ತಿಯನ್ನು ಎಸೆದು ಹೊಸದನ್ನು ತೆಗೆದುಕೊಳ್ಳಿ. ಬೆರಳು ಒತ್ತಿದ ಕಡೆ ಗೀರು ಬೀಳುತ್ತದೆ, ಗೀರು ಮತ್ತೆ ಹೋಗುವುದಿಲ್ಲ. ಕೊನೆಗೆ ಮತ್ತೊಮ್ಮೆ ಬಟ್ಟಿ ಇಳಿಸಿದ ನೀರು ಹರಿಸಿ, ಅಂಚಿನಲ್ಲಿ ನಿಂತ ಹನಿಗಳನ್ನು ಗಾಳಿಯಿಂದ ಓಡಿಸಿ ಒಣಗಲು ಬಿಡಿ. ನಲ್ಲಿಯ ನೀರು ಒಂದು ಹನಿ ಬಿದ್ದರೂ ಉಪ್ಪಿನ ಬಿಳಿ ಉಂಗುರ ಉಳಿಯುತ್ತದೆ. ತೊಳೆದ ಮರುದಿನ ಮಧ್ಯಾಹ್ನದ ಓಟವನ್ನು ಮತ್ತೆ ಮಾಡಿ, ಕನ್ನಡಿಯನ್ನು ಮುಟ್ಟಿದ ಮೇಲೆ ಕೋನ ಮೊದಲಿನಂತೆಯೇ ಇದೆ ಎಂದು ಭಾವಿಸುವಂತಿಲ್ಲ.

ತೇವ, ತಾಪ, ವಿದ್ಯುತ್

ಸೂರ್ಯನ ಒಂದು ರೇಖೆಯನ್ನಷ್ಟೇ ಬಿಡುವ ಕಿರುಪಟ್ಟಿಯ ಶೋಧಕಗಳು ತಾಪಕ್ಕೆ ಬಹಳ ಸೂಕ್ಷ್ಮ. ಹೈಡ್ರೋಜನ್ ಆಲ್ಫಾದ 656.3 ನ್ಯಾನೋಮೀಟರಿನ ರೇಖೆಗೆ ಹೊಂದಿಸಿದ ಶೋಧಕ ಒಂದೆರಡು ಡಿಗ್ರಿ ಬಿಸಿಯಾದರೆ ರೇಖೆಯ ನಡುವಿನಿಂದ ಪಕ್ಕಕ್ಕೆ ಸರಿಯುತ್ತದೆ, ಸೂರ್ಯನ ಮೇಲಿನ ಕಪ್ಪು ಎಳೆಗಳು ಮಸುಕಾಗುತ್ತವೆ. ಆದ್ದರಿಂದ ಶೋಧಕದ ಹೀಟರನ್ನು ರಾತ್ರಿಯೂ ಆರಿಸಬೇಡಿ. ಕಂಟೇನರಿನ ಹವಾನಿಯಂತ್ರಣದ ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಿರಿ, ನೀರು ಹೊರಹೋಗುವ ಕೊಳವೆಯಲ್ಲಿ ಪಾಚಿ ಕಟ್ಟಿದೆಯೇ ನೋಡಿ. ಮುಚ್ಚಿದ ಪೆಟ್ಟಿಗೆಗಳೊಳಗಿನ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬದಲಿಸುವ ಹೊತ್ತಾಯಿತು. ಮಳೆಗಾಲದಲ್ಲಿ ಇದು ವಾರದೊಳಗೇ ಆಗಬಹುದು.

ಯುಪಿಎಸ್‌ನ ಬ್ಯಾಟರಿಗಳು ಸದ್ದಿಲ್ಲದೆ ಸಾಯುತ್ತವೆ. ತಿಂಗಳಿಗೊಮ್ಮೆ ಮುಖ್ಯ ವಿದ್ಯುತ್ತನ್ನು ಬೇಕೆಂದೇ ತೆಗೆದು, ಗೋಪುರ ಸೂರ್ಯನಿಂದ ತಿರುಗಿ ಬಾಗಿಲು ಮುಚ್ಚುವವರೆಗಾದರೂ ಬ್ಯಾಟರಿ ತಡೆಯುತ್ತದೆಯೇ ಎಂದು ಪರೀಕ್ಷಿಸಬೇಕು. ಸಿಡಿಲಿನ ಕಾಲಕ್ಕೆ ಮುನ್ನ ನೆಲಸಂಪರ್ಕದ ಗುಂಡಿಗೆ ನೀರು ಹಾಕಿ, ಅದರ ರೋಧವನ್ನು ಅಳೆದು ಬರೆಯಿರಿ.

ಏಳನೆಯ ಹೆಜ್ಜೆ: ದತ್ತಾಂಶ ಮನೆ ತಲುಪುವವರೆಗೆ

ಗಾಂಗ್ ಆರಂಭವಾದಾಗ ಚಿತ್ರಗಳನ್ನು ಟೇಪಿನ ಕ್ಯಾಸೆಟ್ಟುಗಳಲ್ಲಿ ತುಂಬಿ ಅಂಚೆಯಲ್ಲಿ ಅಮೆರಿಕಕ್ಕೆ ಕಳಿಸುತ್ತಿದ್ದರು. ಇಂದು ಕಾಂತಕ್ಷೇತ್ರದ ನಕ್ಷೆಗಳು ಅಂದಂದಿನ ಹೊತ್ತಿನಲ್ಲೇ ಹರಿದುಹೋಗುತ್ತವೆ, ಅಮೆರಿಕದ ಬಾಹ್ಯಾಕಾಶ ಹವಾಮಾನ ಮುನ್ಸೂಚನಾ ಕೇಂದ್ರ ಸೌರಮಾರುತವನ್ನು ಲೆಕ್ಕ ಹಾಕುವ ತನ್ನ ಮಾದರಿಗೆ ಅವನ್ನು ಉಣಿಸುತ್ತದೆ. 2024ರ ಮೇ 10ರ ರಾತ್ರಿ ಭೂಮಿಯನ್ನು ತಟ್ಟಿದ ಸೌರಬಿರುಗಾಳಿಯಿಂದ ಲಡಾಖಿನ ಹಾನ್ಲೆಯ ಆಕಾಶವೂ ಕೆಂಪಾಯಿತು. 1989ರ ಮಾರ್ಚ್ 13ರಂದು ಇಂಥದೇ ಬಿರುಗಾಳಿ ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ ಜಾಲವನ್ನು ಒಂಬತ್ತು ಗಂಟೆ ಕೆಡವಿತ್ತು. ಒಂದು ಕೇಂದ್ರ ಕಳಿಸುವ ತಪ್ಪು ಚಿತ್ರ ಇಂಥ ಮುನ್ಸೂಚನೆಯೊಳಗೆ ಹೋಗಿ ಸೇರುತ್ತದೆ ಎಂಬ ಅರಿವು ಕೆಲಸ ಮಾಡುವವರಿಗೆ ಇರಬೇಕು.

ಕೇಂದ್ರದಲ್ಲಿ ಕನಿಷ್ಠ ಒಂದು ತಿಂಗಳ ಚಿತ್ರಗಳು ಉಳಿಯುವಷ್ಟು ಡಿಸ್ಕ್ ಇರಲಿ, ಪ್ರಧಾನ ಕಚೇರಿಯಿಂದ ತಲುಪಿದ ಸುದ್ದಿ ಬಂದ ಮೇಲೆ ಮಾತ್ರ ಅಳಿಸುವಂತಿರಲಿ. ಎರಡನೆಯ ಪ್ರತಿ ಬೇರೆ ಊರಿನಲ್ಲಿರಬೇಕು. 2024ರ ನವೆಂಬರಿನಲ್ಲಿ ನಾಸಾದ ಸೌರ ಉಪಗ್ರಹ ಎಸ್‌ಡಿಒ ಆಕಾಶದಲ್ಲಿ ಆರೋಗ್ಯವಾಗಿಯೇ ಇತ್ತು. ಆದರೆ ನೆಲದ ಮೇಲೆ, ಸ್ಟ್ಯಾನ್‌ಫರ್ಡಿನ ದತ್ತಾಂಶ ಕೇಂದ್ರದಲ್ಲಿ ತಂಪುನೀರಿನ ಕೊಳವೆ ಒಡೆದು ನೀರು ನುಗ್ಗಿದ್ದರಿಂದ ಅದರ ಚಿತ್ರಗಳ ಹರಿವು ಬಹಳ ದಿನ ತಡೆಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಹೊಸಕೋಟೆಯಲ್ಲಿ ಜೋಡಿಸಿದ, ಸೂರ್ಯನ ಹೊರವಾತಾವರಣವಾದ ಕರೋನಾವನ್ನು ನೋಡುವ ದರ್ಶಕವನ್ನು ಹೊತ್ತು 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ ಎಲ್-1, ನಮ್ಮಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ಸೂರ್ಯನನ್ನು ನೋಡುತ್ತಿದೆ. ಅಲ್ಲಿಗೆ ಹೋಗಿ ಕನ್ನಡಿ ಒರೆಸಲು ಯಾರಿಂದಲೂ ಆಗದು. ನೆಲದ ಜಾಲಕ್ಕೆ ಆ ಭಾಗ್ಯವಿದೆ, ಆದ್ದರಿಂದ ಉಪಗ್ರಹ ಇರುವಾಗ ನೆಲದ ದೂರದರ್ಶಕ ಏಕೆ ಎಂದು ಕೇಳುವವರಿಗೆ ನಾನು ಈ ಎರಡು ಉದಾಹರಣೆಗಳನ್ನು ಕೊಡುತ್ತೇನೆ.

ಆಕಾಶ ಮುಚ್ಚಿದ ದಿನಗಳಿಗೆ ರೇಡಿಯೊ ಅಲೆಗಳ ನೆರವನ್ನೂ ಯೋಚಿಸಬಹುದು. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆಯ ರೇಡಿಯೊ ಸೂರ್ಯದರ್ಶಕ 1997ರಿಂದ ಮೋಡದ ಆಚೆಗೂ ಸೂರ್ಯನ ಕರೋನಾವನ್ನು ನೋಡುತ್ತ ಬಂದಿದೆ.

ಕೆಟ್ಟಾಗ

ಬಿಂಬ ಮಸುಕಾದರೆ ಹೊರಗಿನಿಂದ ಒಳಕ್ಕೆ ಒಂದೊಂದೇ ಭಾಗವನ್ನು ನೋಡುತ್ತ ಬನ್ನಿ: ಆಕಾಶ, ಕನ್ನಡಿ, ಕಿಟಕಿ, ಶೋಧಕದ ತಾಪ, ಫೋಕಸ್, ಕೊನೆಗೆ ಕ್ಯಾಮೆರಾ. ಒಮ್ಮೆಗೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದು, ಹತ್ತು ನಿಮಿಷ ನೋಡಿ ಮುಂದಿನದಕ್ಕೆ ಹೋಗಿ. ಆತುರದಲ್ಲಿ ಎರಡನ್ನು ಒಟ್ಟಿಗೆ ಬದಲಿಸಿದವರಿಗೆ ಯಾವುದು ಕೆಟ್ಟಿತ್ತು ಎಂಬುದು ತಿಳಿಯುವುದಿಲ್ಲ, ಅದೇ ದೋಷ ಇನ್ನೊಂದು ಕೇಂದ್ರದಲ್ಲಿ ಬಂದಾಗ ಹೇಳಿಕೊಡಲೂ ಆಗುವುದಿಲ್ಲ.

ಕೈಮೀರಿದ ಅನಾಹುತಗಳಿಗೂ ಸಿದ್ಧರಿರಬೇಕು. 2022ರ ನವೆಂಬರ್ 27ರ ರಾತ್ರಿ ಮೌನಾ ಲೋವಾ ಜ್ವಾಲಾಮುಖಿ ಉಕ್ಕಿ, ಮರುದಿನ ಲಾವಾ ಹರಿದು ವೀಕ್ಷಣಾಲಯದ ರಸ್ತೆಯನ್ನೂ ವಿದ್ಯುತ್ ತಂತಿಯನ್ನೂ ನುಂಗಿತು. ಅಲ್ಲಿನ ಗಾಂಗ್ ಕೇಂದ್ರ ನಿಂತುಹೋಯಿತು. ಆಗ ಬಿಗ್ ಬೇರ್ ಮತ್ತು ಲಿಯರ್‌ಮಂತ್‌ಗಳ ನಡುವಿನ ಹೊತ್ತಿನ ಭಾರವೆಲ್ಲ ಆ ಎರಡರ ಮೇಲೆಯೇ ಬಿತ್ತು. ನಿಮ್ಮ ಜಾಲದ ಒಂದೊಂದು ಕೇಂದ್ರವನ್ನೂ ಮನಸ್ಸಿನಲ್ಲಿ ಅಳಿಸಿ ಮೊದಲ ಹೆಜ್ಜೆಯ ಹಾಳೆಯನ್ನು ಮತ್ತೊಮ್ಮೆ ನೋಡಿ, ಯಾವ ಗಂಟೆಗಳು ಬರಿದಾಗುತ್ತವೆ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ವರ್ಷಕ್ಕೊಮ್ಮೆ ಪ್ರಧಾನ ಕಚೇರಿಯ ಇಂಜಿನಿಯರುಗಳು ಬಂದು ಹೋಗುವ ಭೇಟಿಯನ್ನು ಆ ಕೇಂದ್ರದ ಮೋಡದ ತಿಂಗಳಿಗೇ ಗೊತ್ತುಮಾಡಬೇಕು.

ಸಂಜೆಯ ಬರಹ

ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದ ತೆಗೆದ ಸೂರ್ಯನ ಗಾಜಿನ ಫಲಕಗಳನ್ನು ಇಂದಿನ ಸಂಶೋಧಕರು ಡಿಜಿಟಲ್ ರೂಪಕ್ಕೆ ತಂದು ಬಳಸುತ್ತಿದ್ದಾರೆ. ಅದು ಸಾಧ್ಯವಾಗಿರುವುದು ಅಂದು ಯಾರೋ ಫಲಕಕ್ಕೆ ತಾರೀಖು, ವೇಳೆಗಳನ್ನು ತಪ್ಪದೆ ಬರೆದಿಟ್ಟಿದ್ದರಿಂದ. ಯಂತ್ರ ತಾನಾಗಿ ಬರೆಯುವ ದಾಖಲೆಯ ಜೊತೆಗೆ ಕೈಬರಹದ ಪುಸ್ತಕವೂ ಇರಲಿ. ಬೆಳಿಗ್ಗೆ ತಾಳೆ ನೋಡಿದ ವೇಳೆ, ಮಧ್ಯಾಹ್ನದ ಕೋನ, ನಡುಬಿಂಬದ ಪ್ರಕಾಶ, ಒಳಗಿನ ತಾಪ, ಮೋಡ ಬಂದ ಮತ್ತು ಹೋದ ಹೊತ್ತು, ಮುಟ್ಟಿದ ತಿರುಪು, ಮುಟ್ಟಿದವರ ಹೆಸರು ಇಷ್ಟು ಪ್ರತಿ ದಿನ ಬರಬೇಕು. ಏನೂ ನಡೆಯದ ದಿನ ‘ಏನೂ ಮುಟ್ಟಿಲ್ಲ’ ಎಂದು ಬರೆಯಿರಿ, ಖಾಲಿ ಪುಟ ಬಿಡಬೇಡಿ. ಸೂರ್ಯ ಹತ್ತು ಡಿಗ್ರಿಗೆ ಇಳಿದಾಗ ಹಿಂಬಾಲಿಕೆ ನಿಲ್ಲಿಸಿ, ಕತ್ತಲ ಚಿತ್ರಗಳನ್ನು ಇನ್ನೊಮ್ಮೆ ತೆಗೆದು, ಗೋಪುರದ ಮುಖವನ್ನು ನೆಲದ ಕಡೆಗೆ ತಿರುಗಿಸಿ, ಬೀಗ ಹಾಕುವ ಮುನ್ನ ಪಶ್ಚಿಮದ ಕೇಂದ್ರಕ್ಕೆ ಸಂದೇಶ ಕಳಿಸಿ: ನಮ್ಮದು ಮುಗಿಯಿತು, ಕೊನೆಯ ಚಿತ್ರ ಇಷ್ಟು ಗಂಟೆಯದು, ಇನ್ನು ಸೂರ್ಯ ನಿಮ್ಮ ಕಣ್ಣಿನಲ್ಲಿ.